ಅಲುಗದ ಬಡಗಿಮೇಜು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಬಡಗಿಗಳು ನೆಲದ ಮೇಲೆ ಕುಳಿತು, ಮರವನ್ನು ಪಾದದಿಂದ ಒತ್ತಿ ಹಿಡಿದು ಕೆಲಸ ಮಾಡುವುದುಂಟು. ಅವರ ಹಸ್ತಕೌಶಲ ಹಿರಿದು. ಆದರೆ ಕಲಿಯುವವನ ಉಳಿ ಜಾರಿದರೆ ಗಾಯವಾಗುವುದು ಪಾದಕ್ಕೇ. ಆದುದರಿಂದ ಮನೆಯಲ್ಲಿ ಈ ಕಾಯಕವನ್ನು ಅಭ್ಯಸಿಸಬಯಸುವ ವಿದ್ಯಾರ್ಥಿಯು ಮೊದಲು ಒಂದು ಗಟ್ಟಿಯಾದ ಮೇಜನ್ನು ರಚಿಸಿಕೊಳ್ಳತಕ್ಕದ್ದು.

ಬಂಡಿಗೂ ನೇಗಿಲಿಗೂ ಒದಗುವ ಕರಿಜಾಲಿಯು ಕಾಲುಗಳಿಗೆ ಯೋಗ್ಯ. ಹಲಗೆಗೆ ಬೇವು ಸಾಕು. ಹಸಿಮರ ಸಲ್ಲದು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷದಂತೆ ನೆರಳಿನಲ್ಲಿ ಒಣಗಿಸಬೇಕು.

ಹಲಗೆಯು 150 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 7 ಸೆಂ.ಮೀ. ದಪ್ಪವಿರಲಿ. ಕಾಲುಗಳು 9 ಸೆಂ.ಮೀ. ಚೌಕವಿರಲಿ. ನೇರವಾಗಿ ನಿಂತಾಗ ಮಣಿಕಟ್ಟು ಇರುವ ಮಟ್ಟವೇ ಮೇಜಿನ ಎತ್ತರ. ವಯಸ್ಕರಿಗೆ ಸಾಮಾನ್ಯವಾಗಿ 80ರಿಂದ 85 ಸೆಂ.ಮೀ.

ಕೊಡತಿಯ ಪೆಟ್ಟನ್ನು ಕಾಲುಗಳು ತಾಳುತ್ತವೆ; ಉಜ್ಜುಗೊರಡಿನ ನೂಕನ್ನು ತಾಳುವವು ಕೆಳಗಿನ ಅಡ್ಡಪಟ್ಟಿಗಳು. ಕಾಲಿನಲ್ಲಿ ರಂಧ್ರ ಕೊರೆದು, ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಸೇರಿಸಿ, ಮರದ ಗೂಟ ಬಡಿಯಬೇಕು. ಬರಿಯ ಮೊಳೆಗಳು ಕ್ರಮೇಣ ಸಡಿಲುತ್ತವೆ. ಚೌಕಟ್ಟಿನ ಎರಡು ಕರ್ಣಗಳೂ ಸಮವಾದರೆ ಮೂಲೆಗಳು ನೇರವೆಂದು ತಿಳಿಯತಕ್ಕದ್ದು.

ನಮ್ಮ ಬೇಸಿಗೆಯಲ್ಲಿ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಅದೂ ಅಗಲದಲ್ಲಿ, ಉದ್ದದಲ್ಲಿ ಅಲ್ಲವೆಂಬಷ್ಟು ಅಲ್ಪ. ಆದಕಾರಣ ಹಲಗೆಯ ಮುಂದಿನ ಅಂಚನ್ನು ಬಿಗಿದು, ಹಿಂದಿನ ತಿರುಪುಗಳಿಗೆ ಅಗಲದ ದಿಕ್ಕಿನಲ್ಲಿ ನೀಳವಾದ ರಂಧ್ರಗಳನ್ನಿಡಬೇಕು. ಇಲ್ಲವಾದರೆ ಹಲಗೆ ಸೀಳುವುದು. ಮಣ್ಣುನೆಲವಾದರೆ ಗೆದ್ದಲು ಬಾರದಂತೆ ಕಾಲುಗಳ ಕೆಳಗೆ ಶಹಾಬಾದ ಕಲ್ಲಿನ ತುಂಡುಗಳನ್ನಿರಿಸಿ ಆಗಾಗ ಪರೀಕ್ಷಿಸಬೇಕು.

ನೆಲೆ ಅಲುಗದಿದ್ದರೆ ಕೈ ಅಲುಗದು. ಕೈ ಅಲುಗದಿದ್ದರೆ ಕೆಲಸ ಕೆಡದು.