ಸ್ಮಿತ್ ಆದ ಶ್ಮಿಟ್‌ಗಳು

ಬೋಯಿಂಗ್ ವಿಮಾನ, ಕ್ರೈಸ್ಲರ್ ಕಾರು, ಹೈಂಜ್ ಕೆಚಪ್, ಫೈಜರ್ ಲಸಿಕೆ. ಅಪ್ಪಟ ಅಮೆರಿಕನ್ ಹೆಸರುಗಳು ಅಂತ ತಾನೇ ಅಂದುಕೊಂಡಿದ್ದೀರಿ? ನಾಲ್ಕೂ ಜರ್ಮನ್ ಮೂಲದ ಮನೆತನಗಳ ಅಡ್ಡಹೆಸರುಗಳು. ಇವತ್ತಿಗೂ 4 ಕೋಟಿಗಿಂತ ಹೆಚ್ಚು ಅಮೆರಿಕನ್ನರು ಜನಗಣತಿಯಲ್ಲಿ ತಮ್ಮ ಮೂಲ ಜರ್ಮನ್ ಅಂತ ಬರೆಸುತ್ತಾರೆ.

ಎಷ್ಟೋ ಜರ್ಮನ್ ಅಡ್ಡಹೆಸರುಗಳು ಕಸುಬಿನಿಂದ ಬಂದವು. ಶ್ಮಿಟ್ ಅಂದ್ರೆ ಕಮ್ಮಾರ, ಶ್ನೈಡರ್ ಅಂದ್ರೆ ದರ್ಜಿ, ತ್ಸಿಮ್ಮರ್‌ಮನ್ ಅಂದ್ರೆ ಬಡಗಿ. ಅಮೆರಿಕಕ್ಕೆ ಹೋದ ಮೇಲೆ ಕೆಲವರು ಅರ್ಥವನ್ನೇ ಅನುವಾದ ಮಾಡಿಕೊಂಡು ಸ್ಮಿತ್, ಕಾರ್ಪೆಂಟರ್ ಆದರು. ಇನ್ನು ಕೆಲವರದ್ದು ಕಿವಿಗೆ ಕೇಳಿಸಿದ ಹಾಗೆ ಬದಲಾಯಿತು. ಹೂಬರ್ ಮನೆತನ ಹೂವರ್ ಆಗಿ, ಆ ವಂಶದ ಹರ್ಬರ್ಟ್ ಹೂವರ್ 1929ರಲ್ಲಿ ಅಧ್ಯಕ್ಷರೂ ಆದರು. ನನಗೆ ಮಜಾ ಅನಿಸಿದ್ದು ಪಿಯಾನೋ ತಯಾರಿಸುವ ಸ್ಟೈನ್‌ವೇಗ್ ಕುಟುಂಬ. ಸ್ಟೈನ್ ಅಂದ್ರೆ ಕಲ್ಲು, ವೇಗ್ ಅಂದ್ರೆ ದಾರಿ. 1850ರಲ್ಲಿ ನ್ಯೂಯಾರ್ಕಿಗೆ ಬಂದ ಅವರು ದಾರಿಯನ್ನು ಮಾತ್ರ ಇಂಗ್ಲಿಷ್ ಮಾಡಿ, ಕಲ್ಲನ್ನು ಹಾಗೇ ಬಿಟ್ಟು ಸ್ಟೈನ್‌ವೇ ಆದರು!

ಎಲ್ಲಿಸ್ ದ್ವೀಪದ ಅಧಿಕಾರಿಗಳು ಬಂದವರ ಹೆಸರನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಿದರು ಅನ್ನೋದು ಬರೀ ಕಥೆ. ಪ್ರಯಾಣಿಕರ ಪಟ್ಟಿ ಹಡಗು ಹೊರಡುವ ಬಂದರಿನಲ್ಲೇ ತಯಾರಾಗುತ್ತಿತ್ತು. ಅಧಿಕಾರಿಗಳು ಅದನ್ನು ತಾಳೆ ನೋಡುತ್ತಿದ್ದರು, ಅಷ್ಟೇ.

ನಮ್ಮ ಸಿವಿಲ್ ಬ್ರಾಂಚಿನವರಿಗೆ ರೋಬ್ಲಿಂಗ್ ಗೊತ್ತಿರಲೇಬೇಕು. ಜರ್ಮನ್‌ನಲ್ಲಿ ಆ ಹೆಸರಿನ 'ಓ' ಅಕ್ಷರದ ತಲೆ ಮೇಲೆ ಎರಡು ಚುಕ್ಕಿ ಇದೆ. ಇಂಗ್ಲಿಷಿನಲ್ಲಿ ಚುಕ್ಕಿ ಹೋಗಿ ಪಕ್ಕದಲ್ಲಿ 'ಇ' ಬಂತು. ಬೋಯಿಂಗ್ ಕೂಡ ಹೀಗೇ. (ಮಂಗಳೂರು ಸಮಾಚಾರದ ಮೋಗ್ಲಿಂಗ್ ಹೆಸರಲ್ಲೂ ಅದೇ ಎರಡು ಚುಕ್ಕಿ. ಕನ್ನಡದಲ್ಲಿ ನಾವೂ ಅದನ್ನು ಬಿಟ್ಟಿದ್ದೇವೆ.) 1806ರಲ್ಲಿ ಮ್ಯುಲ್‌ಹೌಸನ್‌ನಲ್ಲಿ ಹುಟ್ಟಿದ ಜಾನ್ ರೋಬ್ಲಿಂಗ್ ಬ್ರೂಕ್ಲಿನ್ ಸೇತುವೆಯ ವಿನ್ಯಾಸ ಮಾಡಿ 1869ರಲ್ಲಿ ತೀರಿಕೊಂಡರು. ಮಗ ವಾಷಿಂಗ್ಟನ್ ಕೆಲಸ ಮುಂದುವರಿಸಿ, ನೀರಿನಡಿಯ ಕೇಸನ್‌ಗಳಲ್ಲಿ ಕಾಯಿಲೆ ಬಿದ್ದಾಗ ಸೊಸೆ ಎಮಿಲಿ ಸೈಟಿಗೂ ಮನೆಗೂ ನಡುವೆ ಓಡಾಡಿ ಕೆಲಸ ಸಾಗಿಸಿದರು. 1883ರಲ್ಲಿ ಸೇತುವೆ ತೆರೆಯಿತು. ಮಗನ ಹೆಸರು ನೋಡಿ, ಒಂದೇ ತಲೆಮಾರಿನಲ್ಲಿ ವಾಷಿಂಗ್ಟನ್!

ಆದರೆ 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಇಂಥ ಹೆಸರುಗಳೇ ಅನುಮಾನಕ್ಕೆ ಕಾರಣವಾದವು. ಜರ್ಮನ್ ಎಲೆಕೋಸಿನ ಉಪ್ಪಿನಕಾಯಿಯನ್ನೂ 'ಲಿಬರ್ಟಿ ಕ್ಯಾಬೇಜ್' ಅಂತ ಕರೆದರು. ಇದು ತಮಾಷೆಯಾಗಿ ಕಾಣಬಹುದು. ಆದರೆ 1918ರ ಏಪ್ರಿಲ್‌ನಲ್ಲಿ ಇಲಿನಾಯ್ಸ್‌ನ ಕಾಲಿನ್ಸ್‌ವಿಲ್‌ನಲ್ಲಿ ಜನರ ಗುಂಪು ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ವಲಸಿಗನನ್ನು ನೇಣಿಗೆ ಹಾಕಿತು. ಎಷ್ಟೋ ಶ್ಮಿಟ್‌ಗಳು ಸ್ಮಿತ್ ಆಗಿದ್ದು ಈ ಕಾಲದಲ್ಲಿ. ವಿಚಿತ್ರ ಅಂದ್ರೆ, ಜರ್ಮನಿ ವಿರುದ್ಧ ಹೋರಾಡಿದ ಅಮೆರಿಕನ್ ಸೇನೆಯ ದಂಡನಾಯಕ ಪರ್ಶಿಂಗ್ ಅವರ ಅಡ್ಡಹೆಸರೂ ಜರ್ಮನ್ ಮೂಲದ್ದೇ. ಮುಂದಿನ ಮಹಾಯುದ್ಧದ ಐಸನ್‌ಹೋವರ್‌ದೂ ಅಷ್ಟೇ.

ಯುದ್ಧ ಮುಗಿದ ಮೇಲೂ ಭಯ ಇಳಿಯಲಿಲ್ಲ. ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಆಡುಭಾಷೆ ಕಲಿಸಬಾರದು ಅಂತ 1919ರಲ್ಲಿ ನೆಬ್ರಾಸ್ಕಾ ಕಾನೂನು ಮಾಡಿತು. ಮರುವರ್ಷ ರಾಬರ್ಟ್ ಮೈಯರ್ ಎಂಬ ಮೇಷ್ಟ್ರು 10 ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಅವರು ಕೇಸನ್ನು ಸುಪ್ರೀಂ ಕೋರ್ಟಿನ ತನಕ ಒಯ್ದರು. 1923ರಲ್ಲಿ ಕೋರ್ಟು ಆ ಕಾನೂನನ್ನೇ ರದ್ದು ಮಾಡಿತು.