ಕಸಕ್ಕೆ ಕಸವೇ ಹೊದಿಕೆ



ಕಟಕೋಳದ ನಮ್ಮ ಮನೆಯ ಹಿತ್ತಲಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡಗಳಿವೆ. ಮಳೆಗಾಲದಲ್ಲಿ ಒಂದು ಮಡಿಯ ಕಸ ತೆಗೆಯುವಷ್ಟರಲ್ಲಿ ಇನ್ನೊಂದರಲ್ಲಿ ಎದ್ದಿರುತ್ತದೆ. ಅಮ್ಮಿಗೆ ಮೊಣಕಾಲು ನೋವು, ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲ. ಹೋದ ವರ್ಷ "ಇನ್ನು ಹಿತ್ತಲು ಬಿಟ್ಟುಬಿಡೋಣ" ಎಂದರು. ಆಗ ನಾನು ಹೊದಿಕೆ ಹಾಕಿ ನೋಡಿದೆ. ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಹೊದಿಕೆ ಎಂದರೇನು?

ಗಿಡಗಳ ನಡುವಿನ ಬರಿ ನೆಲವನ್ನು ಹುಲ್ಲು, ಒಣ ಎಲೆ, ಹೊಟ್ಟು, ಕಬ್ಬಿನ ರವದಿಯಿಂದ ಮುಚ್ಚುವುದೇ ಹೊದಿಕೆ ಅಥವಾ ಮಲ್ಚಿಂಗ್. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯಲ್ಲಿ ಇದನ್ನು 'ಆಚ್ಛಾದನ' ಎನ್ನುತ್ತಾರೆ. ಬೀಜಾಮೃತ, ಜೀವಾಮೃತ, ವಾಫಸಾ ಜೊತೆಗೆ ಇದೂ ಆ ಪದ್ಧತಿಯ ನಾಲ್ಕು ಆಧಾರಗಳಲ್ಲಿ ಒಂದು.

ಹೇಗೆ ಕೆಲಸ ಮಾಡುತ್ತದೆ?

ಅನೇಕ ಕಳೆಗಳ ಬೀಜ ಬಹಳ ಸಣ್ಣದು, ಮೊಳೆಯಲು ಅದಕ್ಕೆ ಬೆಳಕು ಬೇಕು. ಬೀಜದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕನ್ನು ಗುರುತಿಸುತ್ತದೆ. ನಾವು ಮಣ್ಣು ಕೆದರಿದಾಗ ಕೆಳಗಿದ್ದ ಬೀಜ ಮೇಲೆ ಬಂದು ಬೆಳಕು ಕಾಣುತ್ತದೆ. ಕಸ ತೆಗೆದ ವಾರದಲ್ಲೇ ಹೊಸ ಕಸ ಏಳುವುದು ಇದರಿಂದಲೇ. ಹೊದಿಕೆ ಈ ಬೆಳಕನ್ನು ತಡೆಯುತ್ತದೆ. ಮೊಳೆತರೂ ಸಣ್ಣ ಬೀಜದಲ್ಲಿದ್ದ ಆಹಾರ ಬೇಗ ಮುಗಿದು ಸಸಿ ಒಳಗೇ ಸಾಯುತ್ತದೆ. ಜೊತೆಗೆ ತೇವ ಉಳಿದು ನಮ್ಮ ಎರೆಮಣ್ಣು ಬಿರುಕು ಬಿಡುವುದು ಕಡಿಮೆಯಾಗುತ್ತದೆ.

ನನ್ನ ಎರಡು ತಪ್ಪು

ಮೊದಲು ಹಸಿ ಹುಲ್ಲನ್ನು ಅರ್ಧ ಅಡಿ ದಪ್ಪ, ಕಾಂಡಕ್ಕೆ ತಾಗುವಂತೆ ಒತ್ತಿ ಹಾಕಿದೆ. ಅದು ಒಳಗೆ ಬಿಸಿಯಾಗಿ, ಅಂಟಾಗಿ ನಾರತೊಡಗಿತು. ಎರಡು ಮೆಣಸಿನ ಗಿಡ ಬುಡದಲ್ಲೇ ಕೊಳೆತವು. ಎರಡನೆಯ ಸಲ ತಂದ ಹುಲ್ಲಿನಲ್ಲಿ ತೆನೆ ಬಲಿತಿತ್ತು. ಹೊಸ ಕಸವನ್ನು ನಾನೇ ಬಿತ್ತಿದಂತಾಯಿತು.

ಸರಿಯಾದ ಕ್ರಮ

1. ಮೊದಲು ಇದ್ದ ಕಸವನ್ನು ಬೇರು ಸಮೇತ ತೆಗೆಯಿರಿ. ಜೇಕು ಗಡ್ಡೆಯಿಂದ, ಕರಿಕೆ ನೆಲದೊಳಗಿನ ಕಾಂಡದಿಂದ ಚಿಗುರುತ್ತವೆ. ಅಲ್ಲಿ ಆಹಾರ ಸಂಗ್ರಹವಿರುವುದರಿಂದ ಅವು ಹೊದಿಕೆಯನ್ನೂ ಸೀಳಿ ಬರುತ್ತವೆ. ಅವನ್ನು ಅಗೆದೇ ತೆಗೆಯಬೇಕು.
2. ನೀರು ಹಾಯಿಸಿದ ಮೇಲೆ ಹೊದಿಕೆ ಹಾಕಿ.
3. ಹುಲ್ಲನ್ನು ಹೂ ಬಿಡುವ ಮುಂಚೆ ಕೊಯ್ದು, ಒಂದೆರಡು ದಿನ ಒಣಗಿಸಿ, 1-2 ಇಂಚಿನ ಪದರವಾಗಿ ಹರಡಿ. ಒಣ ಎಲೆ, ರವದಿಯಾದರೆ 3-4 ಇಂಚು ಇರಲಿ.
4. ಕಾಂಡದ ಸುತ್ತ 2-3 ಇಂಚು ಜಾಗ ಬಿಡಿ.
5. ರವದಿಯನ್ನು ಮಣ್ಣಿನಲ್ಲಿ ಬೆರೆಸಬೇಡಿ. ಅದರಲ್ಲಿ ಇಂಗಾಲ ಹೆಚ್ಚು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಬಳಸಿಕೊಂಡು ಗಿಡ ಹಳದಿಯಾಗಬಹುದು. ಮೇಲೆ ಹರಡಿದರೆ ಈ ತೊಂದರೆ ಕಡಿಮೆ.
6. ಕಳೆನಾಶಕ ಸಿಂಪಡಿಸಿದ ಹುಲ್ಲು ಬೇಡ.

ಬೆಂಕಿಗೆ ಹೋಗುವ ಹೊದಿಕೆ

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು ಕಟಾವಾದ ಮೇಲೆ ಎಷ್ಟೋ ಹೊಲಗಳಲ್ಲಿ ರವದಿಗೆ ಬೆಂಕಿ ಇಡುತ್ತಾರೆ. ಸುಟ್ಟರೆ ಅದರಲ್ಲಿದ್ದ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ, ಮೇಲ್ಮಣ್ಣಿನ ಜೀವಿಗಳೂ ಸಾಯುತ್ತವೆ. ಈ ಸಲ ಅಬ್ಬಾ ಪರಿಚಯದ ರೈತರೊಬ್ಬರನ್ನು ಕೇಳಿ, ಸುಡುವ ಮುಂಚೆಯೇ ಒಂದು ಬಂಡಿ ರವದಿ ತಂದರು. ಅದೇ ನಮ್ಮ ಮಡಿಗಳಿಗೆ ಸಾಕಾಯಿತು.

ಜೇಕು ಈಗಲೂ ಅಲ್ಲಲ್ಲಿ ಇಣುಕುತ್ತದೆ, ಭಾನುವಾರ ನಾನೇ ಅಗೆಯುತ್ತೇನೆ. ಆದರೆ ಮೊದಲು ವಾರವಾರ ಮಾಡುತ್ತಿದ್ದ ಕೆಲಸ ಈಗ ತಿಂಗಳಿಗೊಮ್ಮೆ ಸಾಕು. ಅಮ್ಮಿ ಹಿತ್ತಲು ಬಿಡುವ ಮಾತು ಆಡುತ್ತಿಲ್ಲ. ಮೊನ್ನೆ ಬದನೆ ಸಾಲಿನ ಪಕ್ಕ ಮೆಂತ್ಯ ಹಾಕಲು ಹೇಳಿದರು.

— ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ