ಬಾಗಿಲಿಗೆ ಚಿಲಕವಿರಲಿ, ಮನಸ್ಸಿಗೆ ಬೇಡ

ಅಂಜನಾಪುರ ಎಂದರೆ ಶಿಕಾರಿಪುರದ ಕಡೆಯವರಿಗೆ ಕುಮುದ್ವತಿ ನದಿಯ ಜಲಾಶಯ ನೆನಪಾಗುತ್ತದೆ. ಬೆಂಗಳೂರಿನಲ್ಲೂ ಕನಕಪುರ ರಸ್ತೆಯ ಕಡೆ ಅದೇ ಹೆಸರಿನ ದೊಡ್ಡ ಬಡಾವಣೆಯಿದೆ. ಮೊದಲನೆಯ ಊರಿನಲ್ಲಿ ಸಂಜೆ ತಡವಾಗಿ ಬಸ್ಸಿಳಿದ ಹುಡುಗಿ ಯಾರ ಮಗಳೆಂದು ಅಂಗಡಿಯವರಿಗೆ ಗೊತ್ತಿರುತ್ತದೆ. ನಗರದ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯದೆಯೇ ವರ್ಷಗಳು ಕಳೆಯಬಹುದು.

ನಮ್ಮ ಎಷ್ಟೋ ಮನೆಗಳ ಮಕ್ಕಳು ಓದಿಗಾಗಿ, ದುಡಿಮೆಗಾಗಿ ಹಳ್ಳಿಯಿಂದ ಅಂಥ ಬಡಾವಣೆಗಳಿಗೆ ಹೋಗಿದ್ದಾರೆ. ರಾತ್ರಿ ಒಂಬತ್ತಕ್ಕೆ ಮಗಳ ಫೋನು ಬಾರದಿದ್ದರೆ ಊರಿನಲ್ಲಿರುವ ತಾಯಿಗೆ ತುತ್ತು ಇಳಿಯುವುದಿಲ್ಲ. ಅಷ್ಟರಲ್ಲಿ ಟಿ.ವಿ.ಯಲ್ಲಿ ಒಂದೇ ಕೊಲೆಯ ಸುದ್ದಿ ಹತ್ತು ಸಲ ಬಂದಿರುತ್ತದೆ. ಆ ತಾಯಿಯ ಭಯವನ್ನು ನಗುವುದು ಬೇಡ. ಆದರೆ ಆ ಭಯ ನಮಗೆ ಸರಿಯಾದ ದಾರಿ ತೋರಿಸುತ್ತಿದೆಯೇ ಎಂದು ಕೇಳಿಕೊಳ್ಳೋಣ.

ಕಂಡದ್ದನ್ನೇ ಎಣಿಸುವ ಭಯ

2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎ.ಟಿ.ಎಂ. ಒಳಗೆ ಒಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಅಪರಾಧಿ ಸಿಕ್ಕಿಬಿದ್ದದ್ದು 2017ರಲ್ಲಿ. ಅವನಿಗೆ ಹತ್ತು ವರ್ಷಗಳ ಶಿಕ್ಷೆಯಾದದ್ದು 2021ರಲ್ಲಿ. ಹಲ್ಲೆಯ ದೃಶ್ಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ತೀರ್ಪಿನ ಸುದ್ದಿ ಎಷ್ಟು ಜನರಿಗೆ ನೆನಪಿದೆ?

ಭಯದ ಲೆಕ್ಕಾಚಾರವೇ ಹಾಗೆ. ಕಣ್ಣಿಗೆ ಕಂಡದ್ದನ್ನು ಅದು ದೊಡ್ಡದಾಗಿ ಎಣಿಸುತ್ತದೆ, ಕಾಣದ್ದನ್ನು ಬಿಟ್ಟುಬಿಡುತ್ತದೆ. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಎಂದರೆ ಹತ್ತಿರಹತ್ತಿರ ಆರು ಪಟ್ಟು. ನಗರದಲ್ಲಿರುವ ಮಗನಿಗೆ ಕಳ್ಳರ ಬಗ್ಗೆ ಎಚ್ಚರಿಸುವ ನಾವು, ಹೆಲ್ಮೆಟ್ ಹಾಕಿಕೊಂಡೆಯಾ ಎಂದು ಕೇಳುತ್ತೇವೆಯೇ?

ಇನ್ನೂ ಒಂದು ಮಾತು. ಭಯ ಯಾವಾಗಲೂ ಅಪರಿಚಿತನ ಕಡೆಗೇ ಬೆರಳು ತೋರಿಸುತ್ತದೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳ ಪ್ರಕಾರ ಬಲಾತ್ಕಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ ಆಗಿರುತ್ತಾರೆ. 2022ರಲ್ಲಿ ಮಹಿಳೆಯರ ವಿರುದ್ಧ ದಾಖಲಾದ ಅಪರಾಧಗಳಲ್ಲಿ ದೊಡ್ಡ ಪಾಲು, ಸುಮಾರು ಮೂರರಲ್ಲಿ ಒಂದು ಭಾಗ, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯದ್ದು. ಹೊರಗಿನವನು ಬಾರದಿರಲೆಂದು ಬಾಗಿಲು ಹಾಕಿದರೆ, ಒಳಗಿರುವ ಅಪಾಯಕ್ಕೂ ಅದೇ ಬಾಗಿಲು ರಕ್ಷಣೆಯಾಗುವುದುಂಟು.

ಭಯವೇ ಕೊಂದಾಗ

2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿತು. ಸಾವಿರಾರು ಯುವಕ ಯುವತಿಯರು ಕೆಲಸ, ಕಾಲೇಜು ಬಿಟ್ಟು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ಕೆಲವು ದಿನ ಸಾಮೂಹಿಕ ಸಂದೇಶಗಳಿಗೇ ಮಿತಿ ಹಾಕಬೇಕಾಯಿತು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸಾಪ್‌ನಲ್ಲಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಅದೇ ಶಂಕೆಗೆ ಬಲಿಯಾದರು. ಅವರ ಜೊತೆಗಾರರು ಮಾಡಿದ್ದಿಷ್ಟೇ: ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಹೊಡೆದವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು. ಮೊದಲನೆಯದು ಮಹಾನಗರ, ಎರಡನೆಯದು ಹಳ್ಳಿ. ಪರೀಕ್ಷಿಸದ ಭಯಕ್ಕೆ ಊರಿನ ಗಾತ್ರ ಮುಖ್ಯವಲ್ಲ.

ಜೆರಿಕೊ ದಾರಿಯಲ್ಲಿ

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿ ನಮಗೆಲ್ಲ ಗೊತ್ತು. ಅದು ನಡೆಯುವುದು ಕಳ್ಳಕಾಕರ ದಾರಿಯಲ್ಲಿ ಎಂಬುದನ್ನು ಮಾತ್ರ ಮರೆಯುತ್ತೇವೆ. ಪಕ್ಕಕ್ಕೆ ಸರಿದು ಹೋದವರಿಗೂ ಭಯವಿದ್ದಿರಬಹುದು. ಸಮಾರಿಯದವನಿಗೂ ದಾರಿ ಅಷ್ಟೇ ಅಪಾಯದ್ದು. ಆದರೂ ಅವನು ನಿಂತ. ಆ ಗಾಯಾಳುವಿಗೆ ಅವನು ಅಪರಿಚಿತನಷ್ಟೇ ಅಲ್ಲ, ಪರಕೀಯನೂ ಹೌದು.

ನಗರಗಳನ್ನು ಬಲ್ಲ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲೇ ಒಂದು ಮಾತು ತೋರಿಸಿಕೊಟ್ಟರು. ಬೀದಿಯನ್ನು ಕಾಯುವುದು ಪೊಲೀಸರೊಬ್ಬರೇ ಅಲ್ಲ. ಅಂಗಡಿಯಲ್ಲಿ, ಕಿಟಕಿಯಲ್ಲಿ, ಜಗಲಿಯಲ್ಲಿ ಇರುವ ಸಾಮಾನ್ಯ ಜನರ ಕಣ್ಣುಗಳು. ಅಂಜನಾಪುರದ ಅಂಗಡಿಯವನು ಓದದೆಯೇ ಮಾಡುತ್ತಿರುವ ಕೆಲಸ ಅದು. ಹಳ್ಳಿಯಿಂದ ನಗರಕ್ಕೆ ಹೋಗುವ ಮಕ್ಕಳ ಚೀಲದಲ್ಲಿ ಅಕ್ಕಿ, ಉಪ್ಪಿನಕಾಯಿಯ ಜೊತೆ ಈ ಅಭ್ಯಾಸವನ್ನೂ ಕಟ್ಟಿಕೊಡೋಣ.

ಮನೆಯಲ್ಲಿ ಮಾಡಬಹುದಾದದ್ದು

ಬಾಡಿಗೆ ಮನೆ ಸೇರಿದ ಮೊದಲ ವಾರವೇ ಅಕ್ಕಪಕ್ಕದ ಎರಡು ಮನೆಯವರ ಪರಿಚಯ ಮಾಡಿಕೊಳ್ಳಲಿ. ಭಾನುವಾರದ ಪೂಜೆಗೆ ಹೋಗುವ ದೇವಾಲಯದಲ್ಲೂ ಒಬ್ಬರಾದರೂ ಹೆಸರು ಹಿಡಿದು ಕರೆಯುವವರಿರಲಿ. ತುರ್ತಿಗೆ 112, ಮಕ್ಕಳ ನೆರವಿಗೆ 1098, ಮಹಿಳೆಯರ ನೆರವಿಗೆ 181: ಈ ಸಂಖ್ಯೆಗಳನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಲಿ. ಬೆದರಿಸುವ ಸಂದೇಶ ಬಂದರೆ, ನಿಜವೆಂದು ತಿಳಿಯುವವರೆಗೆ ಮುಂದೆ ಕಳುಹಿಸದಿರೋಣ. ಪಕ್ಕದ ಮನೆಯಲ್ಲಿ ಹೆಣ್ಣುಮಗಳ ಅಳು ಕೇಳಿದರೆ, ಅದು ಅವರ ಮನೆಯ ವಿಷಯ ಎಂದು ಸುಮ್ಮನಿರದಿರೋಣ.

ಎಚ್ಚರ ಬೇರೆ, ಸಂಶಯ ಬೇರೆ. ಎಚ್ಚರವಿರುವವನು ಬಾಗಿಲಿಗೆ ಚಿಲಕ ಹಾಕುತ್ತಾನೆ, ತಟ್ಟಿದರೆ ಯಾರೆಂದು ಕೇಳುತ್ತಾನೆ. ಸಂಶಯದವನು ಕೇಳುವುದನ್ನೇ ಬಿಟ್ಟಿರುತ್ತಾನೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಬೀದಿಯಲ್ಲಿ ಹೆಸರು ಗೊತ್ತಿಲ್ಲದ ಮನೆಗಳು ಎಷ್ಟು?
2. ಪರಿಚಿತರಿಂದಲೇ ತೊಂದರೆಯಾದರೆ ಅದನ್ನು ಹೆದರದೆ ಹೇಳಿಕೊಳ್ಳಬಹುದೆಂಬ ನಂಬಿಕೆ ನಮ್ಮ ಮಕ್ಕಳಿಗಿದೆಯೇ?
3. ಕೆಲಸ ಅರಸಿ ಹೊರರಾಜ್ಯದಿಂದ ನಮ್ಮೂರಿಗೆ ಬಂದವರನ್ನು ನಾವು ಹೇಗೆ ನೋಡುತ್ತೇವೆ? ನಗರದಲ್ಲಿ ನಮ್ಮ ಮಕ್ಕಳನ್ನು ಜನ ಹೇಗೆ ನೋಡಬೇಕೆಂದು ಬಯಸುತ್ತೇವೆ?